ಸಲಿಂಗ ಸಂಬಂಧದ ಕಾನೂನು 1967ಕ್ಕೇ ಬದಲಾಗಿತ್ತಲ್ಲ, ಮೇಲಿನ ಮನೆ ಅಜ್ಜ 1981 ಅಂತಾರೆ. ಸ್ಕಾಟ್ಲೆಂಡ್ ಬಲ್ಲವರು ಹೇಳಿ

ಅಘನಾಶಿನಿ (ಎಡಿನ್‌ಬರೊ):
ಓದಕ್ಕೆ ಅಂತ ಇಲ್ಲಿಗೆ ಬಂದು ಏಳು ತಿಂಗಳಾಯ್ತು. ಲೀತ್ ವಾಕ್ ಹತ್ರ ಹಳೇ ಕಲ್ಲಿನ ಕಟ್ಟಡ, ಒಂದೇ ಮೆಟ್ಟಿಲಿಗೆ ಎಂಟು ಮನೆ. ಮೆಟ್ಟಿಲು ಗುಡಿಸಿ ಒರೆಸೋದು ಸರದಿ ಪ್ರಕಾರ. ಮೇಲಿನ ಮನೇಲಿ ಒಬ್ಬರೇ ಒಬ್ಬರು ಅಜ್ಜ ಇರ್ತಾರೆ, ಎಪ್ಪತ್ತೈದು ವಯಸ್ಸು. ಮಂಡಿನೋವು ಅಂತ ಅವರ ಸರದೀನೂ ನಾನೇ ಮಾಡ್ದೆ. ಅದಕ್ಕೆ ಚಹಾಕ್ಕೆ ಕರೆದ್ರು.

ಕಿಟಕಿಯಿಂದ ಕೆಳಗಿನ ಕೆಫೆಯ ಕಾಮನಬಿಲ್ಲಿನ ಬಾವುಟ (ಸಲಿಂಗಿಗಳ ಗುರುತು) ಕಾಣ್ತಿತ್ತು. ನಾನು ಸುಮ್ನೆ ಮಾತಿಗೆ, "ನಿಮ್ಮ ಊರಲ್ಲಿ ಎಷ್ಟು ಸಲೀಸು ಅಲ್ವಾ" ಅಂದೆ. ಅವರು ನಕ್ಕರು. "ಮಗಳೇ, ನನಗೆ ಮೂವತ್ತು ತುಂಬೋವರೆಗೂ ಕಾನೂನಿನ ಲೆಕ್ಕದಲ್ಲಿ ನಾನು ಅಪರಾಧಿ" ಅಂದ್ರು. ಯಾವಾಗ ಬದಲಾಯ್ತು ಅಂದಿದ್ದಕ್ಕೆ 1981 ಅಂದ್ರು. ಬ್ರಿಟನ್ನಿನಲ್ಲಿ 1967ಕ್ಕೇ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಆಯ್ತು ಅಂತ ನಾನು ಓದಿದ್ದೆ. ಅಜ್ಜನಿಗೆ ಮರೆವಾ, ನನ್ನ ಓದೇ ತಪ್ಪಾ? ಅವರನ್ನೇ ಮತ್ತೆ ಕೆದಕಿ ಕೇಳೋಕೆ ಸಂಕೋಚ.

ಹಳೇ ಪುಟ (ಎಡಿನ್‌ಬರೊ):
ಅಜ್ಜನ ನೆನಪು ಸರಿಯಾಗೇ ಇದೆ. 1967ರ ಕಾನೂನು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ. ಸ್ಕಾಟ್ಲೆಂಡಿನ ಕಾನೂನು 1707ರಲ್ಲಿ ಎರಡು ದೇಶ ಒಂದಾದಾಗಲೂ ಬೇರೆಯಾಗೇ ಉಳ್ಕೊಳ್ತು. ನ್ಯಾಯಾಲಯ ಬೇರೆ, ಅಪರಾಧಗಳ ಪಟ್ಟಿಯೂ ಬೇರೆ. ಹಾಗಾಗಿ ಲಂಡನ್ನಿನಲ್ಲಿ ತೆರೆದ ಬಾಗಿಲು ಗಡಿ ದಾಟಿ ಈ ಕಡೆ ತೆರೀಲಿಲ್ಲ. ಇಲ್ಲಿ ಬದಲಾವಣೆ ಬಂದಿದ್ದು 1980ರ ಕ್ರಿಮಿನಲ್ ಜಸ್ಟಿಸ್ (ಸ್ಕಾಟ್ಲೆಂಡ್) ಕಾಯ್ದೆಯ 80ನೇ ಸೆಕ್ಷನ್ನಿನಿಂದ. ಆ ತಿದ್ದುಪಡಿ ತಂದವರು ಆಗ ಎಡಿನ್‌ಬರೊ ಸೆಂಟ್ರಲ್‌ನ ಸಂಸದರಾಗಿದ್ದ ರಾಬಿನ್ ಕುಕ್. ಮುಂದೆ ಬ್ರಿಟನ್ನಿನ ವಿದೇಶಾಂಗ ಮಂತ್ರಿಯಾದ್ರಲ್ಲ, ಅವರೇ. ಜಾರಿಗೆ ಬಂದಿದ್ದು 1981ರ ಫೆಬ್ರವರಿ 1. ಅದೂ ಇಪ್ಪತ್ತೊಂದು ದಾಟಿದವರಿಗೆ, ಖಾಸಗಿಯಾಗಿ ಮಾತ್ರ.

ಯಾಕೆ ಹದಿಮೂರು ವರ್ಷ ತಡ ಅನ್ನೋದು ಸ್ವಾರಸ್ಯದ ಕಥೆ. 1957ರಲ್ಲಿ ವುಲ್ಫೆಂಡನ್ ಸಮಿತಿ ಇದನ್ನ ಅಪರಾಧದ ಪಟ್ಟಿಯಿಂದ ತೆಗೀಬೇಕು ಅಂದಾಗ ಭಿನ್ನಮತ ಬರೆದವರು ಜೇಮ್ಸ್ ಅಡೇರ್, ಗ್ಲಾಸ್ಗೋದಲ್ಲಿ ಸರ್ಕಾರಿ ಪ್ರಾಸಿಕ್ಯೂಟರ್ ಆಗಿದ್ದವರು. ಚರ್ಚ್ ಕೂಡ ಅವರ ಕಡೆ. ಆಮೇಲೆ ಸರ್ಕಾರ ಹಿಡಿದ ನೆಪ ಇನ್ನೂ ಚೆಂದ. ಸ್ಕಾಟಿಷ್ ಕಾನೂನಿನಲ್ಲಿ ಒಬ್ಬನೇ ಸಾಕ್ಷಿ ಸಾಲದು, ಎರಡು ಕಡೆಯಿಂದ ಸಾಕ್ಷ್ಯ ಬೇಕು. ಮುಚ್ಚಿದ ಬಾಗಿಲ ಹಿಂದೆ ನಡೆದಿದ್ದಕ್ಕೆ ಎರಡನೇ ಸಾಕ್ಷಿ ಎಲ್ಲಿಂದ ತರೋದು? ಹಾಗಾಗಿ ಅಂಥ ಕೇಸು ಹಾಕೋದು ಅಪರೂಪ. ಹಾಕೋದೇ ಇಲ್ಲ ಅಂದ ಮೇಲೆ ಬದಲಾಯಿಸೋದ್ಯಾಕೆ ಅನ್ನೋದು ವಾದ. ಕತ್ತಿ ಬೀಸಲ್ಲ, ಆದ್ರೆ ತಲೆ ಮೇಲಿಂದ ಇಳಿಸಲ್ಲ. ಕೆಲಸ ಕಳ್ಕೊಳ್ಳೋಕೆ, ಬ್ಲಾಕ್‌ಮೇಲ್ ಮಾಡಿಸ್ಕೊಳ್ಳೋಕೆ ಅಷ್ಟು ಸಾಕಿತ್ತು.

ಸುಮ್ನಿರಪ್ಪ ಲಾಯರು (ಬೆಂಗಳೂರು):
ನಮಗೂ ಸ್ಕಾಟ್ಲೆಂಡಿಗೂ ಇಲ್ಲೊಂದು ಕೊಂಡಿ ಇದೆ. ಸಲಿಂಗ ಸಂಬಂಧವನ್ನ ಅಪರಾಧ ಅಂದಿದ್ದ ನಮ್ಮ 377ನೇ ಸೆಕ್ಷನ್ನಿನ ಮೂಲಪುರುಷ ಮೆಕಾಲೆ. ದಂಡಸಂಹಿತೆಯ ಮೊದಲ ಕರಡು 1837ರಲ್ಲಿ ಮುಗಿಸಿ ಊರಿಗೆ ವಾಪಸಾದ ಆಸಾಮಿ, 1839ರಲ್ಲಿ ಎಡಿನ್‌ಬರೊದಿಂದಲೇ ಸಂಸತ್ತಿಗೆ ಗೆದ್ದ. 1847ರಲ್ಲಿ ಅದೇ ಊರಿನವರು ಸೋಲಿಸಿದರು, 1852ರಲ್ಲಿ ಮತ್ತೆ ಕರೆದು ಗೆಲ್ಲಿಸಿದರು. ಅವನ ಕರಡಿನ ಮಾತುಗಳನ್ನ ಆಮೇಲೆ ತಿದ್ದಿ 1860ರಲ್ಲಿ ನಮ್ಮ ತಲೆಗೆ ಕಟ್ಟಿದರು. ನಾವು ಬಿಡಿಸಿಕೊಂಡಿದ್ದು 2018ರ ಸೆಪ್ಟೆಂಬರ್ 6ಕ್ಕೆ. ಮೆಕಾಲೆಯನ್ನ ಗೆಲ್ಲಿಸಿದ ಊರು ನಮಗಿಂತ 37 ವರ್ಷ ಮುಂಚೆ ಅಷ್ಟೇ. ಅದಕ್ಕೆ ಅವರನ್ನ ನೋಡಿ ಬಾಯಿ ಬಿಡೋದು ಬೇಡ ಅಂತ ನನ್ನ ಅಭಿಪ್ರಾಯ.

ಹಳೇ ಪುಟ:
ಲಾಯರೇ, ಬಾಯಿ ಬಿಡೋದಕ್ಕೂ ಒಂದು ವಿಷಯ ಇದೆ. ಕಾನೂನು ತಾನಾಗೇ ಬದಲಾಗಲಿಲ್ಲ. 1969ರಲ್ಲಿ ಒಂದಷ್ಟು ಜನ ಸೇರಿ ಒಂದು ಸಂಘ ಕಟ್ಟಿದರು. ಹೆಸರು ಸ್ಕಾಟಿಷ್ ಮೈನಾರಿಟೀಸ್ ಗ್ರೂಪ್. ಗೇ ಅನ್ನೋ ಮಾತೇ ಇಲ್ಲ ನೋಡಿ ಅದರಲ್ಲಿ. ಸ್ಕಾಟಿಷ್ ಅಲ್ಪಸಂಖ್ಯಾತರ ಗುಂಪು! ಲಕೋಟೆ ಮೇಲೆ ಯಾರು ಓದಿದ್ರೂ ಗುಟ್ಟು ಬಯಲಾಗಬಾರದು. ನಮ್ಮಲ್ಲೂ "ಲೈಂಗಿಕ ಅಲ್ಪಸಂಖ್ಯಾತರು" ಅಂತಲೇ ಶುರುವಾಯ್ತಲ್ಲ. ಆ ಪದ ಕೇಳಿದಾಗೆಲ್ಲ ನನಗೆ ಈ ಸಂಘ ನೆನಪಾಗತ್ತೆ. ಕಾರಣ ಬೇರೆಬೇರೆ ಇರಬಹುದು. ನೇರ ಹೆಸರು ಹೇಳೋಕಾಗದ ಕಡೆ ಲೆಕ್ಕದ ಪದವೊಂದನ್ನ ಮುಂದಿಡೋ ಜಾಣತನ ಮಾತ್ರ ಒಂದೇ.

ಅಘನಾಶಿನಿ, ನಿನ್ನ ಮನೆಯಿಂದ ಹತ್ತು ನಿಮಿಷ ನಡೆದರೆ ಬ್ರಾಟನ್ ಸ್ಟ್ರೀಟ್. ಅಲ್ಲಿ 60ನೇ ನಂಬರಿನಲ್ಲಿ ಆ ಸಂಘದ ಕೇಂದ್ರ ಇತ್ತು. 1974ರಲ್ಲಿ ಊರಿನಲ್ಲಿ ಫೋನ್ ಸಹಾಯವಾಣಿ ಶುರು. ಅದೇ ವರ್ಷ ಡಿಸೆಂಬರಿನಲ್ಲಿ ಅಂತಾರಾಷ್ಟ್ರೀಯ ಗೇ ಹಕ್ಕುಗಳ ಸಮ್ಮೇಳನ ನಡೆದಿದ್ದೂ ಎಡಿನ್‌ಬರೊದಲ್ಲೇ. ಯೋಚನೆ ಮಾಡು, ಕಾನೂನಿನ ಪ್ರಕಾರ ಇನ್ನೂ ಅಪರಾಧ ಆಗಿದ್ದ ಊರಲ್ಲಿ ಹೊರದೇಶದಿಂದೆಲ್ಲ ಜನ ಕರೆಸಿ ಸಮ್ಮೇಳನ! ಪ್ರಿನ್ಸಸ್ ಸ್ಟ್ರೀಟಿನಲ್ಲಿ ಫೈರ್ ಐಲೆಂಡ್ ಅಂತ ಡಿಸ್ಕೊ ಇತ್ತು. ಅದರ ಕೋಟು ಬಿಚ್ಚಿಡೋ ಕೋಣೆಯಲ್ಲಿ ಇಬ್ಬರು ಪುಸ್ತಕ ಇಟ್ಟು ಮಾರ್ತಿದ್ರು. ಅವರೇ 1982ರ ಆಗಸ್ಟಿನಲ್ಲಿ ಫೋರ್ತ್ ಸ್ಟ್ರೀಟಿನ ಒಂದು ನೆಲಮಾಳಿಗೆಯಲ್ಲಿ ಲ್ಯಾವೆಂಡರ್ ಮೆನೇಸ್ ಅನ್ನೋ ಅಂಗಡಿ ತೆರೆದರು. ಡಿಸ್ಕೊ ಇದ್ದ ಜಾಗದಲ್ಲಿ ಈಗ ವಾಟರ್‌ಸ್ಟೋನ್ಸ್ ಪುಸ್ತಕದಂಗಡಿ ಇದೆ. ಕೋಟಿನ ಕೋಣೆಯಲ್ಲಿ ಹುಟ್ಟಿದ ಪುಸ್ತಕ ವ್ಯಾಪಾರ ಇಡೀ ಕಟ್ಟಡಾನೇ ನುಂಗಿತು ಅಂತ ನಾನು ತಮಾಷೆ ಮಾಡ್ತಿರ್ತೀನಿ, ಎರಡಕ್ಕೂ ಸಂಬಂಧ ಇಲ್ಲದಿದ್ರೂ.

ಸೀದಾ ಸಾದಾ:
ನನ್ನದು ಬೇರೆ ಪ್ರಶ್ನೆ. ಯಾರನ್ನೂ ನೋಯಿಸೋ ಉದ್ದೇಶ ಇಲ್ಲ. ಸ್ಕಾಟ್ಲೆಂಡಿನ ಜನ ಬದಲಾದ್ರಾ, ಅಥವಾ ಸಂಸತ್ತಿನಲ್ಲಿ ಕೂತವರು ಜನರನ್ನ ಬಿಟ್ಟು ಮುಂದೆ ಓಡಿದ್ರಾ? 2000ದಲ್ಲಿ ಶಾಲೆಗಳ ವಿಷಯಕ್ಕೆ ಅಲ್ಲಿ ದೊಡ್ಡ ಜನಮತ ಆಗಿತ್ತಲ್ಲ. ಅದರಲ್ಲಿ ಬೇಡ ಅಂದವರೇ ಜಾಸ್ತಿ.

ಧಾರವಾಡ ಫೇಡೆ (ಗ್ಲಾಸ್ಗೋ):
ಅದರ ಕಥಿ ನನಗ ಹೇಳಾಕ ಬಿಡ್ರಿ. ನಮ್ಮ ವಾರ್ಡಿನ್ಯಾಗ ಹಳೇ ನರ್ಸಮ್ಮ ಒಬ್ಬಾಕಿ ಅದಾಳ, ಆ ವರ್ಷದ ಬಗ್ಗೆ ಕೇಳಿದ್ರ ಇವತ್ತಿಗೂ ಆಕಿ ಮಾರಿ ಕೆಂಪಾಗತದ.

ಥ್ಯಾಚರ್ ಬಾಯಾರ ಕಾಲಕ್ಕ, 1988ರಾಗ, ಸೆಕ್ಷನ್ 28 ಅಂತ ಒಂದು ಕಲಮು ಬಂತು. ಸ್ಕಾಟ್ಲೆಂಡಿನ್ಯಾಗ ಇದನ್ನ 2ಎ ಅಂತಿದ್ರು. ಸ್ಥಳೀಯ ಆಡಳಿತದವರು ಸಲಿಂಗ ಸಂಬಂಧಕ್ಕ "ಪ್ರಚಾರ" ಕೊಡಬಾರದು ಅಂತ ಅದರ ತಾತ್ಪರ್ಯ. ಮಾಸ್ತರಗೋಳು ಹೆದರಿ ಬಾಯಿಗಿ ಬೀಗ ಹಾಕ್ಕೊಂಡ್ರು. ಹುಡುಗನ್ನ ಯಾರರೆ ಅಣಕಿಸಿದ್ರೂ "ಹಂಗ ಅನಬ್ಯಾಡ್ರಿ" ಅನ್ನಾಕ ಸೈತ ಅಂಜಿಕಿ. 1999ಕ್ಕ ಎಡಿನ್‌ಬರೊದಾಗ ಹೊಸಾ ಪಾರ್ಲಿಮೆಂಟ್ ಕೂತ್ತು. ಮಂತ್ರಿ ವೆಂಡಿ ಅಲೆಕ್ಸಾಂಡರ್ ಇದನ್ನ ತಗದ ಹಾಕ್ತೀವಿ ಅಂದ್ರು. ಅಂದದ್ದೇ ತಡ, ಬೆಂಕಿ ಹತ್ತಿತು. ಸ್ಟೇಜ್‌ಕೋಚ್ ಬಸ್ಸಿನ ಮಾಲೀಕ ಬ್ರಯಾನ್ ಸೂಟರ್ ತನ್ನ ಕಿಸೇದ ರೊಕ್ಕ ಹಾಕಿ ಮನಿಮನಿಗೆ ಮತಪತ್ರ ಕಳಿಸಿದ. ಕ್ಯಾಥೊಲಿಕ್ ಚರ್ಚಿನ ಕಾರ್ಡಿನಲ್ ವಿನಿಂಗ್ ಅವರೂ ವಿರೋಧಕ್ಕ ನಿಂತ್ರು. ಊರ ತುಂಬ ಪೋಸ್ಟರ್.

ತಿರುಗಿ ಬಂದ ಮತದಾಗ 86.8 ಶೇಕಡಾ ಕಲಮು ಇರಲಿ ಅಂದ್ರು. ಹತ್ತು ಲಕ್ಷದ ಮ್ಯಾಲ ಮತ. ಸೀದಾ ಸಾದಾ ಅವರ ಮಾತು ಅಲ್ಲೀತನಕ ಖರೆ. ಆದ್ರ ಕಳಿಸಿದ ಕಾಗದದಾಗ ಬರೇ ಮೂರನೇ ಒಂದು ಪಾಲಿನಷ್ಟು ತಿರುಗಿ ಬಂದದ್ದು. ಇದಕ್ಕ ವಿರೋಧ ಇದ್ದವರು ಬಹಳ ಮಂದಿ ಮತಾನೇ ಹಾಕಲಿಲ್ಲ, ಕಸದ ಬುಟ್ಟಿಗಿ ಹಾಕಿದ್ರು. ನಮ್ಮ ನರ್ಸಮ್ಮ ಹರದ ಒಗದಳಂತ. ಅದು ಸರ್ಕಾರದ ಚುನಾವಣಿ ಅಲ್ಲ, ಖಾಸಗಿ ಮನಷ್ಯಾ ಮಾಡಿಸಿದ್ದು. 2000ದ ಜೂನ್ 21ಕ್ಕ ಪಾರ್ಲಿಮೆಂಟಿನ್ಯಾಗ 99ಕ್ಕ 17, ಕಲಮು ಹೋತು. ಇಂಗ್ಲೆಂಡಿನ್ಯಾಗ ಹೋಗಾಕ 2003 ಆತು. ಹದಿಮೂರು ವರ್ಷ ಹಿಂದಿದ್ದವರು ಈ ಸಲ ಮೂರು ವರ್ಷ ಮುಂದ ಬಂದಿದ್ರು, ತಿಳೀತಿಲ್ಲೋ?

ಸೀದಾ ಸಾದಾ:
ತಿಳೀತು. ಆದ್ರೆ ನನ್ನ ಪ್ರಶ್ನೆಗೆ ಉತ್ತರ ಅದಲ್ಲ. ಹತ್ತು ಲಕ್ಷ ಜನ ಬೇಡ ಅಂದ್ರು, ಸಂಸತ್ತು ಸರಿ ಅಂತು. ನಾನು ಹೇಳಿದ್ದೇ ಅದು.

ಧಾರವಾಡ ಫೇಡೆ:
ಇರಲಿ ತಗೋರಿ, ಅರ್ಧ ಒಪ್ಪಿದೆ. ಕಾನೂನು ಮುಂದ ಹೋತು, ಮಂದಿ ಆಮ್ಯಾಲ ಬಂದ್ರು. ಸಲಿಂಗ ಮದಿವಿ ಕಾನೂನು 2014ರಾಗ 105ಕ್ಕ 18ರಂಗ ಪಾಸಾತು. ಆವಾಗ ಬೀದಿಗೆ ಬೆಂಕಿ ಹತ್ತಲಿಲ್ಲ. ಮೊದಲನೇ ಮದಿವಿ ಡಿಸೆಂಬರ್ 31ರ ದಿನ, ಇವರ ಹಾಗ್ಮನೇ ಹಬ್ಬ. ನಮ್ಮ ಗ್ಲಾಸ್ಗೋದಾಗ ನಡೆದ ಮದಿವಿಗಿ ಮುಖ್ಯಮಂತ್ರಿ ಸ್ಟರ್ಜನ್ ಬಾಯಾರೇ ಸಾಕ್ಷಿ. ಇನ್ನ 2016ರಾಗ ನೋಡ್ರಿ, ಕನ್ಸರ್ವೇಟಿವ್ ಪಕ್ಷದ ರೂತ್ ಡೇವಿಡ್‌ಸನ್, ಲೇಬರ್‌ನ ಕೆಜಿಯಾ ಡಗ್ಡೇಲ್, ಗ್ರೀನ್‌ನ ಪ್ಯಾಟ್ರಿಕ್ ಹಾರ್ವಿ, ಮೂರೂ ಪಕ್ಷದ ಮುಖಂಡರು ನಾವು ಹಿಂಗ ಅಂತ ಹೇಳ್ಕೊಂಡವರೇ. ಒಬ್ಬರು ಎಡಕ್ಕ, ಒಬ್ಬರು ಬಲಕ್ಕ. ಅದಕ್ಕ ಇದು ಒಂದು ಪಕ್ಷದ ಸೊತ್ತು ಆಗಲಿಲ್ಲ.

ಕಡಲಮೀನು (ಅಬರ್ಡೀನ್):
ನಾನು ಇಲ್ಲಿ ತೈಲದ ಕಂಪೆನಿಯಲ್ಲಿ ಹದಿನಾಲ್ಕು ವರ್ಷದಿಂದ ಇರುವವ. ಎಡಿನ್‌ಬರೊ, ಗ್ಲಾಸ್ಗೋದವರು ಮಾತಾಡಿದ್ದು ಸಾಕು ಮಾರಾಯ್ರೆ, ನಮ್ಮ ಕಡೆಯ ಒಂದು ಕಥೆ ಉಂಟು.

ಅಬರ್ಡೀನ್‌ಶೈರಿನ ಆಲ್ಫರ್ಡ್ ಎನ್ನುವ ಊರಲ್ಲಿ ಒಬ್ಬರು ಡಾಕ್ಟ್ರಿದ್ದರು, ಯುವನ್ ಫೋರ್ಬ್ಸ್. ದೊಡ್ಡ ಮನೆತನ. 1912ರಲ್ಲಿ ಹುಟ್ಟಿದಾಗ ಹೆಣ್ಣು ಎಂದು ದಾಖಲೆ. ಇವರಿಗೆ ಸಣ್ಣದಿಂದಲೇ ತಾನು ಗಂಡು ಎಂದು ಖಾತ್ರಿ. 1952ರಲ್ಲಿ ಜನನ ದಾಖಲೆ ತಿದ್ದಿಸಿಕೊಂಡು, ಇನ್ನು ಮುಂದೆ ನನ್ನ ಹೆಸರು ಇದು ಎಂದು ಊರಿನ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರು. ನಾವು ಹೆಸರು ಬದಲಾಯಿಸಿದರೆ ಪೇಪರಿಗೆ ಕೊಡುವುದಿಲ್ಲವಾ, ಹಾಗೆಯೇ. ಮರು ತಿಂಗಳು ಮನೆ ನೋಡಿಕೊಳ್ಳುತ್ತಿದ್ದ ಪ್ಯಾಟಿಯನ್ನು ಮದುವೆಯಾದರು. ಊರಿನ ರೋಗಿಗಳು ಎಂತ ಮಾಡಿದರು? ಎಂತದೂ ಇಲ್ಲ. ಮೊದಲಿನ ಹಾಗೆ ಕೆಮ್ಮು, ಜ್ವರ ಎಂದು ಅವರ ಹತ್ತಿರವೇ ಹೋದರು.

ಗಲಾಟೆ ಸುರುವಾದದ್ದು ಆಸ್ತಿಗೆ, ಅದೂ ನಮ್ಮಲ್ಲಿಯ ಹಾಗೆಯೇ. 1965ರಲ್ಲಿ ಅಣ್ಣ ತೀರಿಕೊಂಡರು. ಮನೆತನದಲ್ಲಿ ವಂಶಪಾರಂಪರ್ಯವಾಗಿ ಬರುವ ಬ್ಯಾರನೆಟ್ ಪದವಿ ಗಂಡುಮಕ್ಕಳಿಗೆ ಮಾತ್ರ. ದಾಯಾದಿಯೊಬ್ಬ ಇವರು ಗಂಡೇ ಅಲ್ಲ ಎಂದು ಕೋರ್ಟಿಗೆ ಹೋದ. ಬಾಗಿಲು ಹಾಕಿ ವಿಚಾರಣೆ. 1968ರಲ್ಲಿ ಗೃಹಮಂತ್ರಿ ಕ್ಯಾಲಹನ್ ಇವರ ಪರ ತೀರ್ಮಾನ ಕೊಟ್ಟರು. ಆದರೆ ದಾಖಲೆಗಳನ್ನೆಲ್ಲ ಮುಚ್ಚಿಟ್ಟರು. ಹಾಗಾಗಿ ಇವರು ಗೆದ್ದ ದಾರಿಯಲ್ಲಿ ಬೇರೆ ಯಾರಿಗೂ ಹೋಗಲಿಕ್ಕೆ ಆಗಲಿಲ್ಲ. ನನಗೆ ಬೇಜಾರು ಅದು.

ಸೀದಾ ಸಾದಾ:
ಅದೇ ಸ್ಕಾಟ್ಲೆಂಡಿನವರು ಈಗ ಲಿಂಗ ಗುರುತಿನ ವಿಷಯಕ್ಕೇ ಎರಡು ಬಣ ಆಗಿದ್ದಾರಲ್ಲ?

ಸುಮ್ನಿರಪ್ಪ ಲಾಯರು:
ಹೌದು, ಅದು ಮುಗಿದಿಲ್ಲ. 2022ರ ಡಿಸೆಂಬರಿನಲ್ಲಿ ಲಿಂಗ ಗುರುತಿನ ಪ್ರಮಾಣಪತ್ರವನ್ನ ಸುಲಭ ಮಾಡೋ ಮಸೂದೆ ಸ್ಕಾಟಿಷ್ ಸಂಸತ್ತಿನಲ್ಲಿ 86ಕ್ಕೆ 39ರಿಂದ ಪಾಸಾಯ್ತು. ಜನವರಿಯಲ್ಲಿ ಲಂಡನ್ ಸರ್ಕಾರ ಸ್ಕಾಟ್ಲೆಂಡ್ ಕಾಯ್ದೆಯ 35ನೇ ಸೆಕ್ಷನ್ ಬಳಸಿ ತಡೆದು ನಿಲ್ಲಿಸಿತು. 1999ರಿಂದ ಆವತ್ತಿನವರೆಗೆ ಆ ಅಸ್ತ್ರವನ್ನ ಒಮ್ಮೆಯೂ ಬಿಟ್ಟಿರಲಿಲ್ಲ. ಆಮೇಲೆ 2025ರ ಏಪ್ರಿಲ್ 16ಕ್ಕೆ ಬ್ರಿಟನ್ನಿನ ಸುಪ್ರೀಂ ಕೋರ್ಟು, ಸಮಾನತೆ ಕಾಯ್ದೆಯಲ್ಲಿ ಮಹಿಳೆ ಅಂದರೆ ಜೈವಿಕವಾಗಿ ಮಹಿಳೆ ಅಂತ ತೀರ್ಪು ಕೊಟ್ಟಿತು. ಆ ಕೇಸು ಹಾಕಿದ್ದೂ ಸ್ಕಾಟ್ಲೆಂಡಿನ ಮಹಿಳೆಯರ ಗುಂಪೇ, ಹಾಕಿದ್ದು ಸ್ಕಾಟಿಷ್ ಸರ್ಕಾರದ ಮೇಲೆ. ಟ್ರಾನ್ಸ್ ಜನ, ಅಂದರೆ ಹುಟ್ಟಿದಾಗ ಬರೆಸಿದ ಲಿಂಗ ತಮ್ಮದಲ್ಲ ಅನ್ನೋರು, ಇದರಿಂದ ಕಂಗಾಲಾಗಿದ್ದಾರೆ. ಗೆದ್ದವರು ಇದು ಮಹಿಳೆಯರ ಜಾಗದ ಪ್ರಶ್ನೆ ಅಂತಾರೆ. 2022ರ ಜನಗಣತಿಯಲ್ಲಿ ಮೊದಲ ಸಲ ಕೇಳಿದಾಗ ಟ್ರಾನ್ಸ್ ಅಂದವರು 19,990 ಜನ, ಅಂದರೆ 16 ದಾಟಿದವರಲ್ಲಿ ಶೇಕಡಾ 0.44. ಗೇ, ಲೆಸ್ಬಿಯನ್, ಬೈ ಇತ್ಯಾದಿ ಅಂದವರು 1,83,860, ಶೇಕಡಾ 4. ಇಷ್ಟು ಚಿಕ್ಕ ಗುಂಪಿನ ಮೇಲೆ ಇಷ್ಟು ದೊಡ್ಡ ಜಗಳ ಯಾಕೆ ಅನ್ನೋದು ನನ್ನ ತಲೆಗೆ ಇನ್ನೂ ಹತ್ತಿಲ್ಲ.

ನಿರ್ವಾಹಕ:
ತೀರ್ಪಿನ ಪರ-ವಿರೋಧಕ್ಕೆ ಬೇರೆ ಚರ್ಚೆ ತೆರೆಯಿರಿ. ವೈಯಕ್ತಿಕ ನಿಂದನೆಯ ನಾಲ್ಕು ಪ್ರತಿಕ್ರಿಯೆ ತೆಗೆದಿದ್ದೇನೆ.

ಹಳೇ ಪುಟ:
ಒಳ್ಳೇದಾಯ್ತು. ನಾನು ಹಿಂದಕ್ಕೆ ಹೋಗ್ತೀನಿ, 1810ಕ್ಕೆ. ಇದರಲ್ಲಿ ಭಾರತವೂ ಇದೆ.

ಎಡಿನ್‌ಬರೊದ ಡ್ರಮ್‌ಶ್ಯೂದಲ್ಲಿ ಮೇರಿಯಾನ್ ವುಡ್ಸ್, ಜೇನ್ ಪೀರಿ ಅಂತ ಇಬ್ಬರು ಗೆಳತಿಯರು ಹೆಣ್ಣುಮಕ್ಕಳ ವಸತಿ ಶಾಲೆ ನಡೆಸ್ತಿದ್ರು. ಜೇನ್ ಕಮ್ಮಿಂಗ್ ಅನ್ನೋ ವಿದ್ಯಾರ್ಥಿನಿ, ಟೀಚರುಗಳ ನಡುವೆ ದೇಹ ಸಂಬಂಧ ಇದೆ ಅಂತ ಅಜ್ಜಿಗೆ ಹೇಳಿದಳು. ಅಜ್ಜಿ ಸಿರಿವಂತೆ, ಲೇಡಿ ಹೆಲೆನ್ ಕಮ್ಮಿಂಗ್ ಗಾರ್ಡನ್. ಎರಡೇ ದಿನದಲ್ಲಿ ಶಾಲೆ ಖಾಲಿ. ಟೀಚರುಗಳು ಮಾನನಷ್ಟದ ದಾವೆ ಹಾಕಿದ್ರು. ಮೊದಲು ಸೋತು, 1812ರಲ್ಲಿ ಜಡ್ಜುಗಳ ಒಂದೇ ಒಂದು ಮತದಿಂದ ಗೆದ್ದು, 1819ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನೇ ಎತ್ತಿ ಹಿಡಿಯೋ ಹೊತ್ತಿಗೆ ಅವರ ಬದುಕು ಮಣ್ಣುಪಾಲಾಗಿತ್ತು.

ಆ ಹುಡುಗಿ ಹುಟ್ಟಿದ್ದು ಭಾರತದಲ್ಲಿ. ಅಪ್ಪ ಈಸ್ಟ್ ಇಂಡಿಯಾ ಕಂಪೆನಿಯ ಸ್ಕಾಟಿಷ್ ನೌಕರ, ತಾಯಿ ಭಾರತೀಯಳು. ಜಡ್ಜುಗಳಿಗೆ ಇದೇ ದಾರಿ ಆಯ್ತು. ಸ್ಕಾಟ್ಲೆಂಡಿನ ಮರ್ಯಾದಸ್ಥ ಹೆಂಗಸರಿಗೆ ಇಂಥದ್ದು ಗೊತ್ತೇ ಇರಲ್ಲ, ಹುಡುಗಿ ಇದನ್ನ ಭಾರತದ ಆಳು ಹೆಂಗಸರ ಹತ್ತಿರ ಕೇಳಿ ಕಲಿತಿರಬೇಕು ಅನ್ನೋ ವಾದಕ್ಕೆ ಕೋರ್ಟಿನಲ್ಲಿ ಬೆಲೆ ಬಂತು. ಈಗ ನಮ್ಮಲ್ಲಿ ಕೆಲವರು "ಇದೆಲ್ಲ ಪಶ್ಚಿಮದಿಂದ ಬಂದ ರೋಗ" ಅಂತಾರೆ. ಇನ್ನೂರು ವರ್ಷದ ಹಿಂದೆ ಪಶ್ಚಿಮದವರು ನಮ್ಮ ಕಡೆ ಬೆರಳು ತೋರಿಸ್ತಿದ್ರು. ಅವರಿಬ್ಬರ ನಡುವೆ ಏನಿತ್ತೋ ಅವರಿಗೇ ಗೊತ್ತು. ನನಗೆ ಕಾಡೋದು ಎರಡೂ ಕಡೆಯವರ ಚೌಕಾಸಿಗೆ ಸಿಕ್ಕಿದ ಆ ಹುಡುಗಿ.

ಹೆಸರು ಬೇಡ (ಗ್ಲಾಸ್ಗೋ):
ಮೂರು ದಿನದಿಂದ ಓದ್ತಿದ್ದೆ, ಬರೀಲೋ ಬೇಡವೋ ಅಂತ. ನಾನು ಗೇ. ಮೈಸೂರಿನವನು. ಇಲ್ಲಿ ಒಂಬತ್ತು ವರ್ಷ. ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರೋದು ಕನ್ನಡದವರಿಗೆ ಮಾತ್ರ. ಇಂಗ್ಲಿಷಿನಲ್ಲಿ ಹೇಳಿದಷ್ಟು ಸುಲಭವಾಗಿ ಆ ವಾಕ್ಯ ನನಗೆ ಕನ್ನಡದಲ್ಲಿ ಬರಲ್ಲ. ಈಗಲೂ ಎರಡು ಸಲ ಅಳಿಸಿ ಬರೆದೆ.

ನನ್ನವನ ಊರು ಲೂಯಿಸ್ ದ್ವೀಪ. ಅಲ್ಲಿನ ಹಳೇ ಭಾಷೆ ಗೇಲಿಕ್ ಮಾತಾಡೋ ಮನೆ, ದೇವರ ದಿನ ಅಂತ ಭಾನುವಾರ ಬಟ್ಟೆ ಒಗೆದು ಹೊರಗೆ ಒಣಗಿಸಲ್ಲ. 2009ರವರೆಗೆ ಅಲ್ಲಿನ ಪೇಟೆ ಸ್ಟೋರ್ನೋವೇಯಿಂದ ಭಾನುವಾರ ಹಡಗೂ ಓಡ್ತಿರಲಿಲ್ಲ. ಎಡಿನ್‌ಬರೊದ ಬಾವುಟ ನೋಡಿ ಸ್ಕಾಟ್ಲೆಂಡನ್ನ ಅಳೆಯೋದು ಬೇಡ. ಅದೇ ಸ್ಟೋರ್ನೋವೇಯಲ್ಲಿ 2018ರ ಅಕ್ಟೋಬರಿನಲ್ಲಿ ಮೊದಲ ಪ್ರೈಡ್ ಮೆರವಣಿಗೆ ಆಯ್ತು. ಇವನೂ ಹೋಗಿದ್ದ. ಅವರಮ್ಮ ಮೆರವಣಿಗೆಗೆ ಬರಲ್ಲ ಅಂದಿದ್ರು. ಬರಲೂ ಇಲ್ಲ. ಬ್ಯಾಂಕಿಗೆ ಕೆಲಸ ಇದೆ ಅಂತ ಅದೇ ಹೊತ್ತಿಗೆ ಪೇಟೆಗೆ ಬಂದು, ಛತ್ರಿ ಹಿಡ್ಕೊಂಡು ರಸ್ತೆ ಬದಿ ನಿಂತಿದ್ರು. ಅವತ್ತು ಶನಿವಾರ. ಬ್ಯಾಂಕ್ ರಜೆ.

ಹೋದ ಯುಗಾದಿಗೆ ಇಲ್ಲಿನ ಒಬ್ಬರು ಆಂಟಿ ಮನೆಗೆ ಹೋಗಿದ್ದೆ. ಇವನನ್ನ ಫ್ಲ್ಯಾಟ್‌ಮೇಟ್ ಅಂತಲೇ ಹೇಳಿರೋದು. ಹೊರಡುವಾಗ ಹೋಳಿಗೆ ಡಬ್ಬಿ ಕೊಟ್ರು. "ನಿಮ್ಮಿಬ್ಬರಿಗೂ ಆಗತ್ತೆ, ತುಪ್ಪ ಬೇರೆ ಹಾಕಿದೀನಿ" ಅಂದ್ರು. ಆ "ನಿಮ್ಮಿಬ್ಬರಿಗೂ" ಹೇಗೆ ಅಂದ್ರು ಅಂತ ಬಸ್ಸಿನಲ್ಲಿ ಪೂರ್ತಿ ಯೋಚನೆ ಮಾಡ್ಕೊಂಡು ಬಂದೆ.

ಧಾರವಾಡ ಫೇಡೆ:
ತಮ್ಮಾ, ಗ್ಲಾಸ್ಗೋದಾಗ ಇದ್ದೀ ಅಂದ್ರ ನಮ್ಮ ಮನಿಗೂ ಬಾ. ಇಬ್ಬರೂ ಬರ್ರಿ. ಕಟಕ ರೊಟ್ಟಿ, ಎಣ್ಣಿಗಾಯಿ. ಹೆಸರು ಕೇಳಂಗಿಲ್ಲ.

ಕಡಲಮೀನು:
ಬ್ಯಾಂಕ್ ರಜೆ ಎಂದು ಓದಿ ನಾನು ಫೋನು ಕೆಳಗಿಟ್ಟೆ ಮಾರಾಯ್ರೆ.

ಒಂದು ಸಾಲು ಕವಿತೆ (ಶಿವಮೊಗ್ಗ):
"ಕನ್ನಡದಲ್ಲಿ ಬರಲ್ಲ" ಅಂದಿದ್ದಕ್ಕೆ ಒಂದು ಮಾತು. ಗ್ಲಾಸ್ಗೋದ ಕವಿ ಎಡ್ವಿನ್ ಮಾರ್ಗನ್ ತಾನು ಗೇ ಅಂತ ಬಹಿರಂಗವಾಗಿ ಹೇಳಿಕೊಂಡದ್ದು 1990ರಲ್ಲಿ, ಎಪ್ಪತ್ತು ತುಂಬಿದಾಗ. ಅಲ್ಲಿಯವರೆಗಿನ ಪ್ರೇಮ ಕವಿತೆಗಳಲ್ಲಿ "ಅವನು" ಇಲ್ಲ, "ಅವಳು" ಇಲ್ಲ, ಬರೀ "ನೀನು". ಶಾಲೆಯ ಮಕ್ಕಳೂ ಅವನ್ನ ಓದಿದರು. 2004ರಲ್ಲಿ ಸ್ಕಾಟ್ಲೆಂಡಿನ ಮೊದಲ ರಾಷ್ಟ್ರಕವಿ ಆದದ್ದೂ ಅವರೇ. ನಮ್ಮ "ನೀನು"ವಿಗೂ ಲಿಂಗ ಇಲ್ಲವಲ್ಲ. ಮೂರನೆಯವರಿಗೆ ಹೇಳಹೊರಟಾಗ ಮಾತ್ರ ಕನ್ನಡ ಸಿಕ್ಕಿಸಿಹಾಕುತ್ತದೆ.

ಹೆಸರು ಬೇಡ:
"ಅವರು" ಅಂತ ಬಹುವಚನ ಹಾಕಿ ಒಂಬತ್ತು ವರ್ಷ ತಳ್ಳಿದೀನಿ. ಅಮ್ಮ ಅಂದುಕೊಂಡಿರೋದು ಫ್ಲ್ಯಾಟ್‌ಮೇಟ್ ಯಾರೋ ವಯಸ್ಸಾದವರು ಅಂತ.

ಅಘನಾಶಿನಿ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಅಜ್ಜನ ಮನೆಗೆ ಹೋಗಿ, ನಿಮ್ಮ ಲೆಕ್ಕವೇ ಸರಿ ಅಂತ ಒಪ್ಪಿಕೊಂಡೆ. ಫೋರ್ತ್ ಸ್ಟ್ರೀಟ್ ಅಂಗಡಿ ಬಗ್ಗೆ ಕೇಳಿದೆ. ಅವರು ಮೊದಲ ಪುಸ್ತಕ ಕೊಂಡಿದ್ದು ಅಂಗಡೀಲಿ ಅಲ್ಲವಂತೆ, ಫೈರ್ ಐಲೆಂಡಿನ ಕೋಟಿನ ಕೋಣೇಲಿ. ಮನೆಗೆ ತಂದು ಕೋಟಿನ ಒಳಗೇ ನೇತುಹಾಕಿ ಇಟ್ಟಿದ್ರಂತೆ ಒಂದು ತಿಂಗಳು. ಸಂಘಕ್ಕೂ ಸೇರಿದ್ರಂತೆ. ಟಪಾಲಿನಲ್ಲಿ ಮೈನಾರಿಟೀಸ್ ಅಂತ ನೋಡಿ ಅವರಮ್ಮ, ಮಗ ಗೇಲಿಕ್ ಭಾಷೆ ಉಳಿಸೋರ ಸಂಘ ಸೇರಿದಾನೆ ಅಂತ ಅಕ್ಕಪಕ್ಕದವರಿಗೆಲ್ಲ ಹೇಳ್ಕೊಂಡು ಬಂದಿದ್ರಂತೆ. "ಆಮೇಲೆ ಎರಡು ವರ್ಷ ಎಲ್ಲರೂ ನನ್ನತ್ರ ಗೇಲಿಕ್ ಮಾತಾಡು ಅಂತಿದ್ರು" ಅಂದ್ರು.

2017ರಲ್ಲಿ ಸರ್ಕಾರ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು, ಮರುವರ್ಷ ಶಿಕ್ಷೆ ಆದವರಿಗೆಲ್ಲ ಮಾಫಿ ಕಾನೂನು ಬಂದಿದ್ದು ಓದಿದ್ದೆ. ಅದನ್ನೂ ಕೇಳಿದೆ. ಏನೂ ಹೇಳದೆ ಎದ್ದು ಹೋಗಿ ಕೆಟಲಿಗೆ ನೀರು ತುಂಬಿಸಿದ್ರು. ನಾನು ಸುಮ್ಮನಾದೆ.

ಚಹಾ ಕುಡೀತಾ, ನಮ್ಮ ಭಾಷೇಲೂ ಅಲ್ಪಸಂಖ್ಯಾತರು ಅಂತಲೇ ಅಂತಾರೆ ಅಂದೆ. ಲಕೋಟೆ ಹಿಂದೆ ಬರೆದು ತೋರಿಸು ಅಂದ್ರು. "ಲೈಂಗಿಕ ಅಲ್ಪಸಂಖ್ಯಾತರು" ಅಂತ ಬರೆದೆ. ಕನ್ನಡಕ ಹಾಕ್ಕೊಂಡು ಬಹಳ ಹೊತ್ತು ನೋಡಿದ್ರು. "ಇಷ್ಟುದ್ದ ಬರೆದು ಮುಗಿಸೋ ಹೊತ್ತಿಗೆ ನಾವು ಬಹುಸಂಖ್ಯಾತರೇ ಆಗಿರ್ತೀವಲ್ಲ" ಅಂದ್ರು. ಲಕೋಟೆ ಈಗ ಅವರ ಫ್ರಿಜ್ ಮೇಲಿದೆ, ಮೆಟ್ಟಿಲು ಒರೆಸೋ ಸರದಿ ಪಟ್ಟಿ ಪಕ್ಕ. ಮುಂದಿನ ವಾರ ಮತ್ತೆ ಅವರ ಸರದಿ, ಅಂದ್ರೆ ನಂದು.